ಕಾಪಿ ಹೊಡೆದು ಮುಂದೆ ಬಂದರಾ?

ಪ್ರಶ್ನೆ: ದಕ್ಷಿಣ ಕೊರಿಯಾ ಒಂದು ಕಾಲಕ್ಕೆ ನಮ್ಮ ಹಾಗೇ ಬಡ ದೇಶ. ಇವತ್ತು ನಮ್ಮ ಬೀದಿಯಲ್ಲಿ ಅವರ ಕಾರು, ನಮ್ಮ ಕೈಯಲ್ಲಿ ಅವರ ಫೋನು. ‘ಅವರು ಬರೀ ಕಾಪಿ ಹೊಡೆದು ಮೇಲೆ ಬಂದವರು’ ಅಂತ ನಮ್ಮ ಮಾವನವರ ವಾದ. ನಿಜವೇ? ನಾವೂ ಹೊರಗಿನವರಿಂದ ತಂತ್ರಜ್ಞಾನ ಕೊಂಡೆವಲ್ಲ, ನಮಗೇಕೆ ಹಾಗಾಗಲಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಾವನವರು ಹೇಳೋದು ಅರ್ಧ ಸರಿ. ಕಾಪಿ ಹೊಡೆದದ್ದು ನಿಜ. ಆದರೆ ಕಾಪಿ ಹೊಡೆಯೋದು ಸುಲಭ ಅಂತ ಅವರಿಗೆ ಯಾರು ಹೇಳಿದರು? ನಾನು 31 ವರ್ಷ ಕಾರ್ಖಾನೆಯ ಟೂಲ್‌ರೂಮಿನಲ್ಲಿ, ಅಂದರೆ ಅಚ್ಚು, ಉಪಕರಣ ತಯಾರಿಸುವ ವಿಭಾಗದಲ್ಲಿ ಕಳೆದವನು. ಡ್ರಾಯಿಂಗ್ ಕೈಯಲ್ಲಿಟ್ಟುಕೊಂಡೇ ಒಂದು ಡೈಗೆ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಹದಿನೈದು ದಿನ ಒದ್ದಾಡಿದ್ದೇನೆ. ಅಳತೆ ಕಾಗದದ ಮೇಲಿರುತ್ತದೆ. ಆ ಅಳತೆ ಯಾಕೆ ಅನ್ನೋದು ಬರೆದವನ ತಲೆಯಲ್ಲಿರುತ್ತದೆ.

ಹ್ಯುಂಡೈ ಕಥೆ ನೋಡಿ. ಕಾರು ಕಂಪನಿ ಶುರುವಾದದ್ದು 1967ರಲ್ಲಿ. ಮರುವರ್ಷ ಉಲ್ಸಾನ್ ಊರಿನಲ್ಲಿ ಫೋರ್ಡ್‌ನವರ ಕಾರ್ಟಿನಾ ಕಾರು ಜೋಡಿಸುವ ಕೆಲಸ. ಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಇವರು ನಟ್ಟು ಬಿಗಿಯುತ್ತಾರೆ, ಅಷ್ಟೇ. ಆಮೇಲೆ ಸ್ವಂತ ಕಾರಿನ ಹಂಬಲ ಹತ್ತಿತು. ಆಕಾರ ಮಾಡಿಕೊಟ್ಟವರು ಇಟಲಿಯ ಕಾರು ವಿನ್ಯಾಸಕಾರ ಜ್ಯೂಜಾರೊ. ಎಂಜಿನ್ ಜಪಾನಿನ ಮಿತ್ಸುಬಿಷಿಯದು. ಮುಂದೆ ನಿಂತು ಮಾಡಿಸಲು ಕರೆಸಿಕೊಂಡದ್ದು ಇಂಗ್ಲೆಂಡಿನ ಜಾರ್ಜ್ ಟರ್ನ್‌ಬುಲ್ ಎಂಬುವರನ್ನು. ನಾಲ್ಕು ಮನೆಯಿಂದ ಕಡ ತಂದು ಮಾಡಿದ ಅಡುಗೆ ಅನ್ನಿ. 1976ರಲ್ಲಿ ಮಾರಾಟಕ್ಕೆ ಬಂದ ಆ ಕಾರಿನ ಹೆಸರು ಪೋನಿ.

ಆದರೆ ನನಗೆ ಇಷ್ಟವಾಗೋದು ಕಾರಲ್ಲ. ಜ್ಯೂಜಾರೊ ಅವರ ಕಚೇರಿಗೆ ಹ್ಯುಂಡೈ ಐದು ಜನ ಎಂಜಿನಿಯರುಗಳನ್ನು ಕಳಿಸಿತ್ತು. ಒಂದೂವರೆ ವರ್ಷ ಅಲ್ಲೇ ಇದ್ದರು. ಎಲ್ಲರೂ ಒಂದೇ ಮನೆಯಲ್ಲಿ ವಾಸ. ಹಗಲು ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡು, ರಾತ್ರಿ ಒಟ್ಟಿಗೆ ಕೂತು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರಂತೆ. ಊರಿಗೆ ಮರಳಿದ ಮೇಲೆ ಕಂಪನಿಯ ವಿನ್ಯಾಸ ವಿಭಾಗಕ್ಕೆ ಇವರೇ ಅಡಿಪಾಯ.

ಇದನ್ನು ಓದಿದಾಗ ನನಗೆ ನಾಚಿಕೆ ಆಯಿತು. 1986ರಲ್ಲಿ ನಾನಿದ್ದ ಕಾರ್ಖಾನೆಗೆ ಒಂದು ಜಪಾನಿ ಮೆಷಿನ್ ಬಂತು. ಜೊತೆಗೆ ಕೂರಿಸಿಕೊಡಲು ಒಬ್ಬ ಎಂಜಿನಿಯರ್, ಎರಡು ವಾರ. ನಾವು ಅವನಿಗೆ ಮಸಾಲೆ ದೋಸೆ ತಿನ್ನಿಸಿದೆವು, ಮೈಸೂರು ತೋರಿಸಿದೆವು, ಹಾರ ಹಾಕಿ ಕಳಿಸಿದೆವು. ಅವನು ಏನು ಮಾಡಿದ ಅಂತ ಒಬ್ಬರೂ ಒಂದು ಸಾಲು ಬರೆದಿಡಲಿಲ್ಲ. ಮೆಷಿನ್‌ಗೆ ದಿನಾ ಸಂಜೆ ಬಟ್ಟೆ ಹೊದಿಸೋದು, ಆಯುಧಪೂಜೆಗೆ ಕುಂಬಳಕಾಯಿ ಒಡೆಯೋದು, ಅದೆಲ್ಲ ಸಾಂಗವಾಗಿ ನಡೆಯಿತು. ನಾಲ್ಕು ತಿಂಗಳಿಗೆ ಮೆಷಿನ್ ನಿಂತಿತು. ಜಪಾನಿಗೆ ಟೆಲೆಕ್ಸ್ ಸಂದೇಶದ ಮೇಲೆ ಸಂದೇಶ. ಮೂರು ವಾರ ಕೆಲಸ ಬಂದ್. ಕೊನೆಗೆ ನಮ್ಮ ಹಿರಿಯ ಫಿಟ್ಟರ್ ಒಬ್ಬರು ಜೇಬಿನಿಂದ ಒಂದು ಬೀಡಿ ಕಟ್ಟಿನ ಕಾಗದ ತೆಗೆದರು. ಜಪಾನಿಯವನು ಮಾಡಿದ್ದ ಸೆಟ್ಟಿಂಗ್‌ಗಳು ಅದರ ಹಿಂಭಾಗದಲ್ಲಿದ್ದವು! ‘ಮೊದಲೇ ಯಾಕ್ರೀ ಹೇಳಲಿಲ್ಲ?’ ಅಂದೆ. ‘ನನ್ನ ಯಾರು ಸಾರ್ ಕೇಳಿದ್ರು?’ ಅಂದರು.

ಹ್ಯುಂಡೈಗೆ ವಾಪಸ್ ಬರೋಣ. 1984ರಲ್ಲಿ ಸ್ವಂತ ಎಂಜಿನ್ ಮಾಡಲು ಕೂತರು. ರಿಕಾರ್ಡೊ ಎಂಬ ಬ್ರಿಟಿಷ್ ಸಂಸ್ಥೆಯ ಸಹಾಯ ಪಡೆದರು. ಆದರೂ ಮೊದಲ ಪರೀಕ್ಷೆಯಲ್ಲೇ ಎಂಜಿನ್ ಮುರಿದುಬಿತ್ತು, ಆಮೇಲೆ ಒಂದರ ಹಿಂದೆ ಒಂದು ಇನ್ನೂ 11 ಮುರಿದುಬಿದ್ದವು. ವಿನ್ಯಾಸವನ್ನು 288 ಸಲ ತಿದ್ದಿದರು. ಪರೀಕ್ಷೆಗೆಂದೇ ಒಟ್ಟು 324 ಎಂಜಿನ್ ಮಾಡಿದರು. ಆಲ್ಫಾ ಅನ್ನುವ ಆ ಎಂಜಿನ್ ಕಾರಿಗೆ ಏರಿದ್ದು 1991ರಲ್ಲಿ. ಏಳು ವರ್ಷ! ನಮ್ಮಲ್ಲಿ ಮೂರನೇ ಎಂಜಿನ್ ಮುರಿದಾಗಲೇ ‘ಸುಮ್ನೆ ಹೊರಗಿಂದ ತರಿಸಿಬಿಡಿ’ ಅನ್ನುವವರು ಮೀಟಿಂಗಿನಲ್ಲಿ ಇರುತ್ತಿದ್ದರು. ಒಂದು ಕಾಲಕ್ಕೆ ಅವರಿಗೆ ಎಂಜಿನ್ ಕೊಟ್ಟ ಮಿತ್ಸುಬಿಷಿಯೇ ಮುಂದೆ ಹ್ಯುಂಡೈ ಮಾಡಿದ ಎಂಜಿನ್ ವಿನ್ಯಾಸವನ್ನು ಬಳಸಿತು. ಇದನ್ನು ಮಾವನವರಿಗೆ ಹೇಳಿ.

ಇನ್ನು, ನಮಗೇಕೆ ಆಗಲಿಲ್ಲ ಅನ್ನೋದು. ನಾವು ಹೊರಗಿನ ಮಾಲಿಗೆ ಬಾಗಿಲು ಹಾಕಿಕೊಂಡದ್ದೇ ತಪ್ಪಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಕೊರಿಯಾ ಕೂಡ ಹೊರಗಿನ ಕಾರಿಗೆ ಬಾಗಿಲು ಹಾಕಿತ್ತು. ಆದರೆ ಸರ್ಕಾರ ಕಂಪನಿಗಳಿಗೆ ಒಂದು ಕರಾರು ಹಾಕಿತ್ತು: ನಿಮಗೆ ಅಗ್ಗದ ಸಾಲ ಕೊಡುತ್ತೇವೆ, ನೀವು ಹೊರದೇಶಕ್ಕೆ ಮಾಲು ಕಳಿಸಿ ತೋರಿಸಿ. ಅಧ್ಯಕ್ಷ ಪಾರ್ಕ್ ಚುಂಗ್ ಹೀ ತಿಂಗಳಿಗೊಮ್ಮೆ ತಾವೇ ಸಭೆಯಲ್ಲಿ ಕೂತು ರಫ್ತಿನ ಲೆಕ್ಕ ಕೇಳುತ್ತಿದ್ದರು. ಹೊರಗಿನ ಗಿರಾಕಿಗೆ ನೆಪ ಹೇಳಿದರೆ ನಡೆಯುವುದಿಲ್ಲ ಅಲ್ವಾ? ನಮ್ಮಲ್ಲಿ ಅಂಬಾಸಡರ್ ಕಾರಿಗೆ ಜನರೇ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವ ಗಿರಾಕಿ ಇದ್ದಾಗ ಎಂಜಿನ್ ಯಾಕೆ ತಿದ್ದಬೇಕು? 1950ರ ದಶಕದ ಇಂಗ್ಲಿಷ್ ಕಾರಿನ ಆಕಾರದಲ್ಲೇ ಅದು 2014ರವರೆಗೆ ಬಂತು. ನನಗೂ ಅದರ ಹಿಂದಿನ ಸೀಟು ಇಷ್ಟ. ಅದು ಬೇರೆ ಮಾತು.

ಹಾಗಂತ ಕೊರಿಯಾದ ದಾರಿ ಹೂವಿನ ಹಾಸಿಗೆ ಅಂತಲೂ ತಿಳಿಯಬೇಡಿ. ಅಲ್ಲಿದ್ದದ್ದು ಮಿಲಿಟರಿಯಿಂದ ಬಂದವರ ಆಡಳಿತ. ಕಾರ್ಮಿಕರು ಬಾಯಿ ಬಿಡುವ ಹಾಗಿರಲಿಲ್ಲ. 1970ರಲ್ಲಿ ಸೋಲ್ ನಗರದ ಬಟ್ಟೆ ಮಾರುಕಟ್ಟೆಯಲ್ಲಿ ಜಿಯಾನ್ ಟೇ-ಇಲ್ ಎಂಬ 22 ವರ್ಷದ ದರ್ಜಿ, ಕಾರ್ಮಿಕ ಕಾನೂನು ಪಾಲಿಸಿ ಎಂದು ಕೂಗುತ್ತ ಮೈಗೆ ಬೆಂಕಿ ಹಚ್ಚಿಕೊಂಡ. ರಫ್ತಿನ ಲೆಕ್ಕದಲ್ಲಿ ಅವನ ಹೆಸರು ಎಲ್ಲೂ ಬರುವುದಿಲ್ಲ.

ನಮ್ಮಲ್ಲೂ ಕಲಿತವರಿದ್ದಾರೆ. 1974ರಲ್ಲಿ ಇಸ್ರೋ, ಫ್ರಾನ್ಸಿನ ಒಂದು ಸಂಸ್ಥೆಯ ಜೊತೆ ವೈಕಿಂಗ್ ರಾಕೆಟ್ ಎಂಜಿನ್‌ಗಾಗಿ ಒಪ್ಪಂದ ಮಾಡಿಕೊಂಡಿತು. ದುಡ್ಡಿನ ಬದಲು ದುಡಿಮೆ ಕೊಡೋದು ಅಂತ ಮಾತು. ನಮ್ಮ ಎಂಜಿನಿಯರುಗಳು ಅಲ್ಲಿ ಹೋಗಿ ಅವರ ಕೆಲಸ ಮಾಡಿಕೊಡಬೇಕು, ಹಾಗೇ ಕಲಿತುಕೊಳ್ಳಬೇಕು. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ತಂಡ ಕಲಿತು ಬಂತು. ಇಲ್ಲಿ ಮಾಡಿದ ಎಂಜಿನ್ನನ್ನು 1985ರಲ್ಲಿ ಫ್ರಾನ್ಸಿಗೇ ಒಯ್ದು ಉರಿಸಿ ನೋಡಿದರು. ಅದೇ ‘ವಿಕಾಸ್’. ಚಂದ್ರಯಾನ-3 ಹೊತ್ತ ರಾಕೆಟ್ಟಿನಲ್ಲೂ ಅಂಥವು ಎರಡಿದ್ದವು.

ಪ್ರಶ್ನೆ: ಗುಜರಾತಿನ ಧೊಲೇರಾದಲ್ಲಿ ಸಾವಿರಾರು ಕೋಟಿ ಹಾಕಿ ಚಿಪ್ ಕಾರ್ಖಾನೆ ಕಟ್ಟುತ್ತಿದ್ದಾರೆ. ಅಷ್ಟು ದುಡ್ಡು ಹಾಕಿದರೆ ಚಿಪ್ ವಿದ್ಯೆ ನಮ್ಮದಾಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ದುಡ್ಡಿಗೆ ಕಟ್ಟಡ, ಮೆಷಿನ್ ಎರಡೂ ಬರುತ್ತವೆ. ವಿದ್ಯೆ ಜನರ ಜೊತೆ ಬರಬೇಕು. ಅಲ್ಲಿ ಟಾಟಾದವರಿಗೆ ಕಲಿಸಿಕೊಡುತ್ತಿರುವುದು ತೈವಾನಿನ ಪವರ್‌ಚಿಪ್ ಕಂಪನಿ. ಆ ತೈವಾನ್ ಹೇಗೆ ಕಲಿಯಿತು ಗೊತ್ತಾ? 1974ರಲ್ಲಿ ತೈಪೆಯ ಒಂದು ಸೋಯಾ ಹಾಲಿನ ಹೋಟೆಲಿನಲ್ಲಿ ಮಂತ್ರಿ, ಅಧಿಕಾರಿಗಳು ಸೇರಿ ಏಳು ಜನ ಬೆಳಗಿನ ತಿಂಡಿಗೆ ಕೂತು ಚಿಪ್ ಮಾಡಬೇಕು ಅಂತ ತೀರ್ಮಾನಿಸಿದರು. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಗೆ ತರುಣ ಎಂಜಿನಿಯರುಗಳನ್ನು ಕಲಿಯಲು ಕಳಿಸಿದರು. ಅವರು ಮರಳಿ, ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಒಂದು ಪುಟ್ಟ ಕಾರ್ಖಾನೆ ನಡೆಸಿದರು. ಮೊದಲು ಮಾಡಿದ್ದು ಏನು ದೊಡ್ಡ ಚಿಪ್ ಅಂದುಕೊಂಡಿರಿ? ಕೈಗಡಿಯಾರದ್ದು. ಸ್ವಲ್ಪ ಕಾಲದಲ್ಲೇ ಕೆಟ್ಟ ಚಿಪ್‌ಗಳ ಪ್ರಮಾಣ ಗುರುವಾದ ಆರ್‌ಸಿಎ ಕಾರ್ಖಾನೆಗಿಂತ ತೈವಾನಿನಲ್ಲೇ ಕಮ್ಮಿಯಾಯಿತು. ಈಗ ಜಗತ್ತೆಲ್ಲ ಮಾತಾಡುವ ತೈವಾನಿನ ಚಿಪ್ ಕಂಪನಿ ಟಿಎಸ್ಎಂಸಿ ಹುಟ್ಟಿದ್ದು 1987ರಲ್ಲಿ, ಅಂದರೆ ಆ ತಿಂಡಿ ತಿಂದು 13 ವರ್ಷದ ಮೇಲೆ.

ಆ ವರ್ಷಗಳಲ್ಲಿ ನಾವೂ ಜಾಲಹಳ್ಳಿಯಲ್ಲಿ ಕೈಗಡಿಯಾರ ಮಾಡುತ್ತಿದ್ದೆವು. 1961ರಿಂದಲೇ, ಜಪಾನಿನ ಸಿಟಿಜನ್ ಜೊತೆ ಸೇರಿ. ನನ್ನ ಮದುವೆಯ ಎಚ್‌ಎಂಟಿ ವಾಚು ಕೀ ಕೊಟ್ಟರೆ ಇವತ್ತೂ ಓಡುತ್ತದೆ. ಅದು ಸ್ಪ್ರಿಂಗಿನ ವಿದ್ಯೆ. ತೈವಾನಿನವರು ಗಡಿಯಾರದಲ್ಲಿ ಕಲಿತದ್ದು ಚಿಪ್ಪಿನ ವಿದ್ಯೆ.

ಹಾಗಾಗಿ ಧೊಲೇರಾದ ಸುದ್ದಿ ಓದುವಾಗ ನಾನು ಕೋಟಿಗಳ ಸಾಲನ್ನು ದಾಟಿಬಿಡುತ್ತೇನೆ. ಎಷ್ಟು ಹುಡುಗ ಹುಡುಗಿಯರನ್ನು ತೈವಾನಿಗೆ ಕಳಿಸಿದರು, ಎಷ್ಟು ದಿನಕ್ಕೆ, ಮರಳಿ ಬಂದ ಮೇಲೆ ಎಷ್ಟು ಮಂದಿ ಧೊಲೇರಾದಲ್ಲೇ ಉಳಿದರು ಅಂತ ಹುಡುಕುತ್ತೇನೆ.

ಪ್ರಶ್ನೆ: ಸರ್, ಐಟಿಐ ಮುಗಿಸಿ ಕಾರ್ಖಾನೆಗೆ ಸೇರಿದ್ದೇನೆ. ಮೆಷಿನ್ ಕೆಟ್ಟರೆ ಕಂಪನಿಯವರೇ ಬರಬೇಕು, ನಮಗೆ ಮುಟ್ಟಲು ಬಿಡುವುದಿಲ್ಲ. ಕಲಿಯೋದು ಹೇಗೆ?
– ತುಮಕೂರಿನ ಹುಡುಗ

ಉತ್ತರ: ತಮ್ಮಾ, ವಾರಂಟಿ ಇರುವ ಮೆಷಿನ್‌ಗೆ ಕದ್ದು ಕೈ ಹಾಕಬೇಡ. ಕರೆಂಟಿನ ಪ್ಯಾನಲ್ಲಂತೂ ಬೇಡವೇ ಬೇಡ. ಸರ್ವಿಸ್‌ನವರು ಬರುವ ದಿನ ಗೊತ್ತುಮಾಡಿಕೊಂಡು, ‘ಬ್ಯಾಟರಿ ನಾನು ಹಿಡಿಯುತ್ತೇನೆ ಸಾರ್’ ಅನ್ನು. ಯಾರೂ ಬೇಡ ಅನ್ನುವುದಿಲ್ಲ. ಮೆಷಿನ್ ಒಳಗೆ ಬೆಳಕು ಬಿಡುವವನಿಗೆ ಎಲ್ಲ ಕಾಣುತ್ತದೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊ. ಪೆನ್ನು ಬೇಡ. ಎಣ್ಣೆ ಹತ್ತಿದ ಹಾಳೆಯ ಮೇಲೆ ಅದು ಬರೆಯೋದಿಲ್ಲ.