ಸೌದೆ ಒಲೆ ಒಡೆಸೋದಾ, ಬಿಡೋದಾ? ಒಂದು ಮನೆಯ ಜಗಳ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಸಲಹೆ ಕೇಳಿಕೊಂಡು ನನ್ನ ಹತ್ತಿರ ಬಂದವರು ಮಲೆನಾಡಿನ ಒಂದು ತೋಟದ ಮನೆಯವರು. ಅತ್ತೆಗೆ 70ರ ಹತ್ತಿರ ವಯಸ್ಸು. ಮೊಮ್ಮಗನಿಗೆ 4 ವರ್ಷ, ಮಳೆಗಾಲ ಬಂತೆಂದರೆ ಉಬ್ಬಸ, ಹೊಗೆಯಿಂದ ದೂರ ಇಡಿ ಅಂತ ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಗ್ಯಾಸ್ ಇದೆ. ಆದರೂ ಅನ್ನ, ಸಾರು ಎಲ್ಲ ಅತ್ತೆಯ ಒಲೆ ಮೇಲೇ. ಅವರು ಮಗಳ ಮನೆಗೆ ಹೋದಾಗ ಒಲೆ ಒಡೆಸಿ ಟೈಲ್ಸ್ ಹಾಕಿಸಿಬಿಡೋಣ ಅಂತ ಮಗ, ಸೊಸೆ ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತು. ಆಮೇಲೆ ಅವರು ಎಲ್ಲರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು.

ಸೊಸೆಯ ಭಯ ಸುಳ್ಳಲ್ಲ. ಅಡುಗೆಮನೆ ಹೊಗೆ ಮತ್ತು ಅಂಥ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಸಿ ಸೌದೆಯಾದರೆ ಹೊಗೆ ಇನ್ನೂ ಜಾಸ್ತಿ.

ಅತ್ತೆಯ ಜೊತೆ ಬೇರೆಯಾಗಿ ಕೂತು ಮಾತಾಡಿದೆ. ಸೋಗೆ, ಗರಿ, ಸೌದೆ ತೋಟದಲ್ಲೇ ಸಿಗುತ್ತೆ, ಹೊಗೆ ಇದ್ದರೆ ಮಾಡಿನ ಮರಕ್ಕೆ ಹುಳ ಹಿಡಿಯಲ್ಲ ಅಂದರು. ಎರಡೂ ನಿಜವೇ. ಆದರೆ ಸ್ವಲ್ಪ ಹೊತ್ತು ಬಿಟ್ಟು, "ಗ್ಯಾಸ್ ಹಚ್ಚೋಕೆ ಭಯ ಆಗುತ್ತೆ, ಹಚ್ಚಿದ್ರೂ ಸೊಸೆ ಹಿಂದಿನಿಂದ ಬಂದು ಉರಿ ಕಮ್ಮಿ ಮಾಡ್ತಾಳೆ, ಒಲೆನೂ ಹೋದ್ರೆ ಆ ಮನೇಲಿ ನನಗೇನು ಕೆಲಸ?" ಅಂದರು. ಜಗಳದ ಬೇರು ಇಲ್ಲಿದೆ ಅಂತ ನನಗೆ ಆಗ ಗೊತ್ತಾಯಿತು.

ಮೂವರನ್ನೂ ಕೂರಿಸಿ ನೇರವಾಗಿ ಹೇಳಿದೆ. ಮಗುವಿನ ಉಸಿರಿನ ವಿಷಯದಲ್ಲಿ ಚೌಕಾಸಿ ಇಲ್ಲ. ಇವತ್ತಿನಿಂದಲೇ ಒಳಗಿನ ಅಡುಗೆ ಗ್ಯಾಸ್ ಮೇಲೆ. ಬರೀ ಚಿಮಣಿ ಹಾಕಿಸಿದರೆ ಸಾಲದು, ಹೊಗೆ ಕಡಿಮೆ ಆಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಕದ್ದು ಒಡೆಸುವ ಯೋಚನೆ ಬಿಡಿ, ಅದು ಸಲೀಸು ಅನಿಸಬಹುದು, ಆದರೆ ಆಮೇಲೆ ನಿಮ್ಮ ಯಾವ ಮಾತನ್ನೂ ಅಮ್ಮ ನಂಬಲ್ಲ. ಒಲೆ ಹಿತ್ತಲ ಕಡೆ, ಬಚ್ಚಲ ಪಕ್ಕದ ತೆರೆದ ಜಾಗಕ್ಕೆ ಹೋಗಲಿ. ಯಾವ ಮೂಲೆ, ಎಷ್ಟು ಎತ್ತರ ಅಂತ ಅತ್ತೆಯೇ ಹೇಳಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯ ಥರದ್ದು ಕಟ್ಟಿಸಿದರೆ ಸೌದೆಯೂ ಉಳಿಯುತ್ತೆ. ಸ್ನಾನದ ನೀರು, ಹಬ್ಬದ ಕಡುಬು ಅಲ್ಲಾಗಲಿ. ಒಲೆ ಉರಿಯುವಾಗ ಮಗು ಅಲ್ಲಿರಬಾರದು, ಹೊಗೆ ಒಳಗೆ ತಿರುಗುವ ಗಾಳಿ ಇದ್ದರೆ ಆ ಕಡೆ ಬಾಗಿಲು ಹಾಕಿಡಿ.

ಸೊಸೆಗೆ ಬೇರೆಯಾಗಿ ಹೇಳಿದ್ದು: ಅತ್ತೆ ಗ್ಯಾಸ್ ಮುಂದೆ ನಿಂತಾಗ ನಾಬ್ ಮುಟ್ಟಬೇಡ. ಎರಡು ಸಲ ಸಾರು ಉಕ್ಕಿದರೆ ಉಕ್ಕಲಿ. ಮಗನಿಗೆ ಹೇಳಿದ್ದು: ಅಮ್ಮನಿಗೆ ಬೆಳಿಗ್ಗೆ ಕೆಮ್ಮು ಬರುತ್ತಂತೆ, ಇಷ್ಟು ವರ್ಷ ಆ ಹೊಗೆ ಎಲ್ಲರಿಗಿಂತ ಜಾಸ್ತಿ ಕುಡಿದವರು ಅವರೇ ಅಲ್ವಾ, ಕರೆದುಕೊಂಡು ಹೋಗಿ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶ ಹೇಗಿದೆ ಅಂತ ನೋಡುವ ಪರೀಕ್ಷೆ, ಮಾಡಿಸು.

ಮುಂದಿನ ಭೇಟಿಗೆ ಅತ್ತೆ ಜಾಗ ಗೊತ್ತುಮಾಡಿಕೊಂಡೇ ಬಂದಿದ್ದರು, ಬಾವಿಕಟ್ಟೆಯ ಈಚೆ. ಹೊಸ ಒಲೆ ಕಟ್ಟಿ ಮುಗಿಯುವ ತನಕ ಹಳೆಯದನ್ನು ಹಚ್ಚುವುದೂ ಬೇಡ, ಒಡೆಯುವುದೂ ಬೇಡ ಅಂತ ಹೇಳಿ ಕಳಿಸಿದ್ದೇನೆ.