ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಮುದಾಯಗಳನ್ನು ಹತ್ತಿರ ತರಲು ಯಾವ ಸಂಸ್ಥೆಗಳು ದುಡಿಯುತ್ತಿವೆ?

ಮೊದಲು ಹೆಸರಿಸಬೇಕಾದದ್ದು ಕೊರಿಮೀಲಾ. ರೇ ಡೇವಿ ಎಂಬ ಪಾದ್ರಿ 1965ರಲ್ಲಿ, ಅಂದರೆ ಈ ಸಮುದಾಯಗಳ ನಡುವೆ ದಶಕಗಳ ಕಾಲ ನಡೆದ ಹಿಂಸಾಚಾರ ಭುಗಿಲೇಳುವುದಕ್ಕೂ ಮುಂಚೆ, ಬ್ಯಾಲಿಕ್ಯಾಸಲ್ ಬಳಿಯ ಕಡಲತೀರದಲ್ಲಿ ಇದನ್ನು ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳಾಗಿದ್ದಾಗ ಡ್ರೆಸ್ಡೆನ್ ನಗರದ ನಾಶವನ್ನು ಹತ್ತಿರದಿಂದ ಕಂಡವರು ಅವರು. ಎರಡೂ ಕಡೆಯವರು ಅಲ್ಲಿ ಕೆಲವು ದಿನ ಒಟ್ಟಿಗೆ ತಂಗುತ್ತಾರೆ, ಅಡುಗೆ ಮಾಡುತ್ತಾರೆ, ಮಾತನಾಡುತ್ತಾರೆ.

ಆದರೆ ನನ್ನ ಮಟ್ಟಿಗೆ ಹೆಚ್ಚು ಆಳಕ್ಕಿಳಿದ ಕೆಲಸ ಶಾಲೆಗಳದ್ದು. ಉತ್ತರ ಐರ್ಲೆಂಡ್‌ನ ಬಹುತೇಕ ಮಕ್ಕಳು ಇಂದಿಗೂ ಸಮುದಾಯಕ್ಕೊಂದರಂತೆ ಬೇರೆ ಬೇರೆ ಶಾಲೆಗಳಲ್ಲಿ ಕಲಿಯುತ್ತಾರೆ. ಇದನ್ನು ಒಪ್ಪದ ಪೋಷಕರು 1981ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಎರಡೂ ಸಮುದಾಯಗಳ ಮಕ್ಕಳು ಒಟ್ಟಿಗೆ ಕಲಿಯುವ ಲಗಾನ್ ಕಾಲೇಜನ್ನು ತೆರೆದರು. ಹೆಸರು ಕಾಲೇಜು, ಆದರೆ ಅದು ಪ್ರೌಢಶಾಲೆ. ಮೊದಲ ವರ್ಷ ಇದ್ದದ್ದು 28 ಮಕ್ಕಳು! ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿ ಜೈಲು ಸೇರಿದ್ದ ಹತ್ತು ಕೈದಿಗಳು ಉಪವಾಸ ಮುಷ್ಕರದಲ್ಲಿ ಸತ್ತು ನಾಡು ಕುದಿಯುತ್ತಿದ್ದ ವರ್ಷವದು. ಆ ತಂದೆ ತಾಯಂದಿರ ಧೈರ್ಯವನ್ನು ನೆನೆದರೆ ಗೌರವ ಉಕ್ಕುತ್ತದೆ. 1989ರ ಶಿಕ್ಷಣ ಕಾನೂನು ಇಂಥ ಸಮನ್ವಯ ಶಾಲೆಗಳಿಗೆ ಉತ್ತೇಜನ ನೀಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಪೋಷಕರು ಮತ ಹಾಕಿ ಹಳೆಯ ಶಾಲೆಯನ್ನೂ ಸಮನ್ವಯ ಶಾಲೆಯಾಗಿ ಬದಲಿಸಬಹುದು. 1992ರಲ್ಲಿ ಆರಂಭವಾದ ಸಮನ್ವಯ ಶಿಕ್ಷಣ ನಿಧಿ ಇವುಗಳಿಗೆ ಹಣ ಒದಗಿಸುತ್ತದೆ.