ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಶೂಟಿಂಗ್ ಗೇಮ್‌ನಲ್ಲಿ ಎಂ416 ಗನ್ ಒಳ್ಳೆಯದಾ, ಎಕೆಎಂ ಒಳ್ಳೆಯದಾ?

ನೀವು ಹೊಸಬರಾದರೆ ಎಂ416 ಹಿಡಿಯಿರಿ. ಕಾರಣ ಡ್ಯಾಮೇಜ್ ಅಲ್ಲ, ಅಟ್ಯಾಚ್‌ಮೆಂಟ್‌ಗಳು, ಅಂದರೆ ಗನ್‌ಗೆ ಸಿಕ್ಕಿಸುವ ಬಿಡಿಭಾಗಗಳು.

ಬರೀ ಏಟಿನ ಲೆಕ್ಕದಲ್ಲಿ ಎಕೆಎಂ ಮುಂದು. ಅದರ 7.62 ಗುಂಡಿನ ಡ್ಯಾಮೇಜ್ 47ರ ಆಸುಪಾಸು, ಎಂ416ನ 5.56 ಗುಂಡಿನದು 40ರ ಆಸುಪಾಸು. ಲೆವೆಲ್ 2 ವೆಸ್ಟ್ (ಮೈಮೇಲಿನ ರಕ್ಷಾಕವಚ) ಇದರಲ್ಲಿ ಶೇ 40ರಷ್ಟನ್ನು ತಡೆಯುತ್ತದೆ. ಹಾಗಾಗಿ ಪೂರ್ತಿ ಹೆಲ್ತ್ (100) ಇರುವವನ ಎದೆಗೆ ಎಕೆಎಂನ 4 ಗುಂಡು ಸಾಕು, ಎಂ416ನವು ಸುಮಾರು 5 ಬೇಕು. ಆದರೆ ಎಂ416 ಗುಂಡು ಉಗುಳುವುದು ಜಾಸ್ತಿ ಬೇಗ. ಹಾಗಾಗಿ ಸಮಯದ ವ್ಯತ್ಯಾಸ ಕೂದಲೆಳೆಯಷ್ಟೇ.

ಆಟ ತಿರುಗುವುದು ರಿಕಾಯಿಲ್‌ನಲ್ಲಿ, ಅಂದರೆ ಗುಂಡು ಹಾರಿಸುವಾಗ ಗನ್ ಮೇಲಕ್ಕೆ ಒದೆಯುವುದರಲ್ಲಿ. ಎಂ416ಗೆ ಮಜಲ್ (ನಳಿಗೆಯ ತುದಿಗೆ ಹಾಕುವುದು), ಗ್ರಿಪ್, ಮ್ಯಾಗಜಿನ್, ಸ್ಟಾಕ್, ಸ್ಕೋಪ್ ಐದೂ ಹಾಕಬಹುದು. ಎಕೆಎಂಗೆ ಗ್ರಿಪ್ ಇಲ್ಲ, ಸ್ಟಾಕೂ ಇಲ್ಲ. ದೂರದವನ ಮೇಲೆ ಸ್ಪ್ರೇ ಮಾಡಿದರೆ (ಟ್ರಿಗರ್ ಬಿಡದೆ ಸತತ ಹೊಡೆದರೆ) ಅರ್ಧ ಗುಂಡು ಆಕಾಶಕ್ಕೆ! ನಾನೂ ಹಾಗೆ ಸುಮ್ನೆ ಎಷ್ಟೋ ಮ್ಯಾಗ್ ಖಾಲಿ ಮಾಡಿದ್ದೇನೆ.

ಆದರೆ ಈಗಷ್ಟೇ ಇಳಿದಿದ್ದೀರಿ, ಕೈಯಲ್ಲಿ ಒಂದೂ ಅಟ್ಯಾಚ್‌ಮೆಂಟ್ ಇಲ್ಲ, ಪಕ್ಕದ ರೂಮಿನಲ್ಲೇ ಹೆಜ್ಜೆ ಸದ್ದು. ಆಗ ಎಕೆಎಂ ಸಿಕ್ಕರೆ ಬಿಡಬೇಡಿ. ಗ್ರಿಪ್, ಕಾಂಪೆನ್ಸೇಟರ್ (ರಿಕಾಯಿಲ್ ತಗ್ಗಿಸುವ ಮಜಲ್) ಸಿಕ್ಕ ಮೇಲೆ ಎಂ416ಗೆ ಬದಲಾಯಿಸಿಕೊಂಡರಾಯಿತು.